‘ನಿಯಂತ್ರಿತ ಬಿಡುಗಡೆ’ಗೆ ಬೇರೆ ಮಾತು ಇದೆಯೇ?

ಹಾಳಾದ ಮೂಳೆ, ಚರ್ಮಗಳನ್ನು ಮತ್ತೆ ಬೆಳೆಸುವ ಚಿಕಿತ್ಸೆಯ ಬಗ್ಗೆ ಪಿಯುಸಿ ಮಕ್ಕಳಿಗೊಂದು ಲೇಖನ ಬರೆಯುತ್ತಿದ್ದೇನೆ. ಇದಕ್ಕೆ ಬೇಕಾದ ಬೆಳವಣಿಗೆ ಪ್ರೋಟೀನನ್ನು ಬರೀ ಸೂಜಿಯಲ್ಲಿ ಕೊಟ್ಟರೆ ಬಹಳ ಹೊತ್ತು ಉಳಿಯದು. ಅದಕ್ಕೇ ಹೈಡ್ರೋಜೆಲ್‌ನಲ್ಲಿ (ನೀರು ಹೀರಿ ಉಬ್ಬಿದ ಮೆತ್ತನೆಯ ಜೆಲ್) ತುಂಬಿಟ್ಟು, ವಾರಗಟ್ಟಲೆ ಅಷ್ಟಷ್ಟೇ ಹೊರಬರುವಂತೆ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಕಂಟ್ರೋಲ್ಡ್ ರಿಲೀಸ್’ ಅನ್ನುತ್ತಾರೆ. ‘ಹೈಡ್ರೋಜೆಲ್’ ಪದವನ್ನು ಹಾಗೇ ಉಳಿಸಿಕೊಂಡಿದ್ದೇನೆ. ‘ಲೋಳೆ’ ಅಂದರೆ ಹರಿದುಹೋಗುತ್ತದೆ. ಇದೋ, ಕೆಲವದರಲ್ಲಿ ಶೇ. 90ಕ್ಕೂ ಹೆಚ್ಚು ನೀರಿದ್ದರೂ ನೆನೆದ ಕಾಮಕಸ್ತೂರಿ ಬೀಜದ ಹಾಗೆ ಆಕಾರ ಬಿಡದು. ನನ್ನ ತಕರಾರು ‘ರಿಲೀಸ್’ ಬಗ್ಗೆ.

ಎಲ್ಲರೂ ‘ಬಿಡುಗಡೆ’ ಅನ್ನುತ್ತಾರೆ. ಕೈದಿಗೆ, ಸಿನಿಮಾಕ್ಕೆ, ಕೆಆರ್‌ಎಸ್ ನೀರಿಗೆ ಅದು ಸರಿಯೇ. ಅಲ್ಲೆಲ್ಲ ಬಿಡುವವರೊಬ್ಬರು ಇರುತ್ತಾರೆ, ಬಿಟ್ಟ ಗಳಿಗೆಯೂ ಇರುತ್ತದೆ. ಜೆಲ್ ಎಂಬುದು ಪಾಲಿಮರ್ ಎಳೆಗಳ ಬಲೆ. ಬಲೆಯ ಕಣ್ಣು ಸಾಮಾನ್ಯವಾಗಿ 5ರಿಂದ 100 ನ್ಯಾನೊಮೀಟರ್, ಪ್ರೋಟೀನ್ ಅಣುವಿನ ಅಗಲ ಕೆಲವೇ ನ್ಯಾನೊಮೀಟರ್. ಕಣ್ಣು ದೊಡ್ಡದಾದರೆ ಅಣು ನುಸುಳಿಕೊಂಡು ಬರುತ್ತದೆ. ಚಿಕ್ಕದಾದರೆ ಸಿಕ್ಕಿಬಿದ್ದು, ನೀರಿಗೋ ಕಿಣ್ವಕ್ಕೋ ಎಳೆಗಳು ತುಂಡಾಗಿ ಬಲೆ ಸವೆಯುವ ತನಕ ಕಾಯಬೇಕು. ಎಳೆಗಳಿಗೆ ಹೆಪಾರಿನ್ ಎಂಬ ಸಕ್ಕರೆ ಸರಪಳಿಯ ಅಣು ಜೋಡಿಸಿದ್ದರೆ ಇನ್ನೂ ಚೆಂದ: ಹಲವು ಬೆಳವಣಿಗೆ ಪ್ರೋಟೀನ್‌ಗಳು ಅದಕ್ಕೆ ಅಂಟಿಕೊಳ್ಳುತ್ತವೆ, ಕಳಚಿಕೊಳ್ಳುತ್ತವೆ, ಮತ್ತೆ ಅಂಟಿಕೊಳ್ಳುತ್ತವೆ, ಹೀಗೆ ತಡವರಿಸುತ್ತಲೇ ಹೊರಬೀಳುತ್ತವೆ. ಇಷ್ಟಕ್ಕೂ ಒಂದೇ ‘ಬಿಡುಗಡೆ’ ಅಂದರೆ ಏನೂ ಹೇಳಿದಂತಾಗುವುದಿಲ್ಲ.

‘ಒಸರು’ ಹಾಕಿ ನೋಡಿದೆ. ಗಾಯದ ಮೇಲೆ ಇಟ್ಟ ಜೆಲ್ ಒಸರುತ್ತದೆ ಎಂದರೆ ಓದುಗರು ಕೀವನ್ನೇ ನೆನೆಯುತ್ತಾರೆ. ‘ಸ್ರಾವ’ ಅಂದ ಕೂಡಲೇ ಹಿಂದೆ ರಕ್ತ ಬಂದು ನಿಲ್ಲುತ್ತದೆ. ‘ಸೋರಿಕೆ’ ಕೆಟ್ಟ ನಲ್ಲಿಯ ಮಾತು. ಉಳಿದದ್ದು ‘ಜಿನುಗು’. ‘ಔಷಧ ಮೂರು ವಾರ ಜಿನುಗುತ್ತಿರುತ್ತದೆ’ — ಸಣ್ಣಗೆ, ಬಿಡದೆ, ಎಂಬ ಎರಡೂ ಅರ್ಥ ಬಂತು. ಆದರೆ ನಾಮಪದ ಮಾಡಹೊರಟರೆ ‘ನಿಯಂತ್ರಿತ ಜಿನುಗುವಿಕೆ’ ನಾಲಗೆಗೆ ತೊಡರುತ್ತದೆ. ‘ಹದಜಿನುಗು’ ಅಂತ ಕಟ್ಟಬಹುದೇ? ಅಥವಾ ತಲೆಬರಹಕ್ಕೆ ‘ಬಿಡುಗಡೆ’ ಇಟ್ಟು, ಒಳಗೆ ಕ್ರಿಯಾಪದಗಳಲ್ಲೇ ಬರೆದುಬಿಡಲೇ? ನನಗೆ ಎರಡನೆಯದೇ ಒಲವು.

ನಿಜಕ್ಕೂ ಸಿಕ್ಕಿಹಾಕಿಕೊಂಡಿರುವುದು ‘ಬರ್ಸ್ಟ್ ರಿಲೀಸ್’ನಲ್ಲಿ. ಮೇಲ್ಮೈ ಹತ್ತಿರದ ಔಷಧವೆಲ್ಲ ಮೊದಲ ದಿನವೇ ಒಟ್ಟಿಗೆ ಹೊರನುಗ್ಗುವುದು ಇದು. ಹೀಗಾದರೆ ಆಮೇಲಿನ ವಾರಗಳಿಗೆ ಉಳಿಯುವುದು ಕಡಿಮೆ, ಮೊದಲ ದಿನಕ್ಕೆ ಅತಿಯಾಗುತ್ತದೆ. ಪ್ರೋಟೀನಿನ ಪ್ರಮಾಣ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ಮೂಳೆ ಬೆಳೆಸುವ ಬಿಎಂಪಿ-2 ಎಂಬ ಪ್ರೋಟೀನೇ ಸಾಕ್ಷಿ. ಕೊಲಾಜೆನ್ ಸ್ಪಂಜಿಗೆ ಅದನ್ನು ಹೀರಿಸಿ ಸೊಂಟದ ಭಾಗದ ಬೆನ್ನುಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲಿ ಒಪ್ಪಿತು. ಒಪ್ಪಿಗೆಯಿಲ್ಲದ ಕತ್ತಿನ ಭಾಗಕ್ಕೂ ವೈದ್ಯರು ಬಳಸಿದಾಗ ಕೆಲವರಿಗೆ ಕತ್ತು, ಗಂಟಲು ಊದಿ ಉಸಿರಿಗೇ ತೊಂದರೆಯಾಗಿ, 2008ರಲ್ಲಿ ಅದೇ ಸಂಸ್ಥೆ ಎಚ್ಚರಿಕೆ ಕೊಟ್ಟಿತು. ಸ್ಪಂಜು ಜೆಲ್ ಅಲ್ಲ, ಒಪ್ಪುತ್ತೇನೆ; ಆದರೆ ಇನ್ನಷ್ಟು ಬಿಗಿಯಾಗಿ ಹಿಡಿದಿಡುವ ಜೆಲ್‌ಗಳ ಹುಡುಕಾಟಕ್ಕೆ ಇಂಥದ್ದೂ ಒಂದು ಕಾರಣ.

‘ಸ್ಫೋಟ’ ಅಂದರೆ ಮಕ್ಕಳು ಜೆಲ್ಲೇ ಸಿಡಿಯಿತು ಅಂದುಕೊಳ್ಳುತ್ತಾರೆ. ‘ಚಿಮ್ಮು’ವಿನಲ್ಲಿ ಕಾರಂಜಿ ಇದೆ. ‘ಮೊದಲ ನುಗ್ಗು’ ಸದ್ಯಕ್ಕೆ ಬರೆದಿಟ್ಟಿದ್ದೇನೆ, ಸಮಾಧಾನವಿಲ್ಲ. ಕೆರೆಯ ತೂಬು ಎತ್ತಿದ ಕೂಡಲೇ ರಭಸದಿಂದ ಬರುವ ಮೊದಲ ನೀರಿಗೆ ನಿಮ್ಮ ಕಡೆ ಬೇರೆ ಹೆಸರೇನಾದರೂ ಇದ್ದರೆ, ಯಾವ ಸೀಮೆಯ ಮಾತು ಅನ್ನುವುದನ್ನೂ ಸೇರಿಸಿ ತಿಳಿಸಿ.