ಪೆಗ್ ಟೆಸ್ಟ್‌ನ್ಯಾಗ ಪೇಷಂಟಿಗಿಂತ ಕಂಟ್ರೋಲೇ ಹೆಚ್ಚು ಬರ್ಲಿಕತ್ತದ, ಯಾಕ?

ಗುಮ್ಮಟ_ಲ್ಯಾಬ್ (ವಿಜಯಪುರ): ತಲಿ ಕೆಟ್ಟು ಹೋಗ್ಯದ್ರಿ. ಲೂಪಸ್ (ದೇಹದ ರಕ್ಷಣಾ ವ್ಯವಸ್ಥಾ ದೇಹದ ಮ್ಯಾಲೇ ತಿರುಗೂ ರೋಗ) ಪೇಷಂಟಿನ ಸೀರಮ್‌ದಾಗ ಇಮ್ಯೂನ್ ಕಾಂಪ್ಲೆಕ್ಸ್, ಅಂದ್ರ ಆಂಟಿಬಾಡಿ ತನ್ನ ಗುರಿಗೆ ಅಂಟಿ ಆದ ಜೋಡಿ, ನೋಡ್ಲಿಕ್ಕೆ ಪೆಗ್ ಟೆಸ್ಟ್ ಹಚ್ಚೇವಿ. ಪೆಗ್ ಅಂದ್ರ ಪಾಲಿಎಥಿಲೀನ್ ಗ್ಲೈಕಾಲ್; ಕಾಂಪ್ಲೆಕ್ಸ್ ಇದ್ರ ಟ್ಯೂಬ್ ಮಬ್ಬ ಆಗ್ತದ. ಬೋರೇಟ್ ಬಫರ್, ಪಿಎಚ್ 8.4, ರೀಡಿಂಗ್ 450 ನ್ಯಾನೊಮೀಟರ್‌ಗೆ. ಪೇಷಂಟಿನ ಟ್ಯೂಬ್ ತಿಳಿ ಅದ, ಕಂಟ್ರೋಲ್ (ಹೋಲಿಸ್ಲಿಕ್ಕೆ ಇಟ್ಟ, ಲೂಪಸ್ ಇಲ್ಲದವರ ಸೀರಮ್) ಮಾತ್ರ ಅಕ್ಕಿ ತೊಳದ ನೀರಿನಂಗ! ಎಲ್ಲಾ ಪ್ರೊಟೊಕಾಲ್ ಪ್ರಕಾರನೇ ಮಾಡೇವಿ.

ಹಳೇ_ಪಿಪೆಟ್: ಪೆಗ್ ಯಾವುದು? 6000 ಇದ್ರ ಕೊನಿಗೆ 4 ಪರ್ಸೆಂಟ್ ಮೀರಬಾರದು. ಮೀರಿದ್ರ ಬಿಡಿ ಐಜಿಜಿನೂ (ಕಾಂಪ್ಲೆಕ್ಸ್ ಕಟ್ಟದ ಆಂಟಿಬಾಡಿ) ತಳಕ್ಕ ಇಳೀತದ.

ಗುಮ್ಮಟ_ಲ್ಯಾಬ್: 6000ನೇ, 3.5 ಪರ್ಸೆಂಟ್. ಅದನ್ನ ಬ್ಯಾರೆ ಹೇಳಬೇಕೇನ್ರಿ?

ಕುಂದಾ_ಬೆಳಗಾವಿ: ಫ್ರಿಜ್ಜಿಂದೇ ತಪ್ಪು. ರಾತ್ರಿ ಕರೆಂಟ್ ಹೋಗಿರತೈತಿ, 4 ಡಿಗ್ರಿ ನಿಲ್ಲಂಗಿಲ್ಲ.

ಹಳೇ_ಪಿಪೆಟ್: ಕರೆಂಟ್ ಹೋದ್ರ ಎಲ್ಲಾ ಟ್ಯೂಬಿಗೂ ಹೋಗ್ತದ. ಕಂಟ್ರೋಲಿಗಷ್ಟ ಹ್ಯಾಂಗ್ರಿ?

ಕುಂದಾ_ಬೆಳಗಾವಿ: ಅವನ್ನ ಬಾಗಿಲ ಕಡೆ ಇಟ್ಟಿರಬೇಕು. ಥರ್ಮಾಮೀಟರ್ ಇಟ್ಟು ನೋಡ್ರಿ ಒಮ್ಮೆ.

ಘಟಪ್ರಭಾ: ಈ ಕಾಲದಾಗ ಪೆಗ್ ಯಾಕ? ಸಿ1ಕ್ಯೂ ಎಲಿಸಾ ಮಾಡ್ರಿ, ಅದೂ ಕಾಂಪ್ಲೆಕ್ಸ್ ಹಿಡಿಯೂ ಟೆಸ್ಟೇ. ನಮ್ಮಲ್ಲಿ ಹೊಸ ನೆಫೆಲೋಮೀಟರ್ (ಬೆಳಕು ಚದುರೂದನ್ನ ಅಳೆಯೂ ಮಷೀನು) ಬಂದೈತಿ, ಚಾ ಕುಡಿಯೂದ್ರಾಗ ಸಿ3, ಸಿ4 ಅನ್ನೂ ಕಾಂಪ್ಲಿಮೆಂಟ್ (ರಕ್ತದಾಗಿನ ರಕ್ಷಣಾ ಪ್ರೊಟೀನು) ಲೆಕ್ಕ ಎರಡೂ ಕೈಯಾಗ.

ಹಳೇ_ಪಿಪೆಟ್: ಸಿ3 ಇಳಿದ್ರ ಕಾಂಪ್ಲಿಮೆಂಟ್ ಖರ್ಚಾಗಿರಬಹುದು ಅಂತ ತಿಳೀತದ, ಕಾಂಪ್ಲೆಕ್ಸ್ ಅಳದಂಗ ಆಗಂಗಿಲ್ಲ. ರಾಜಿ ಸೆಲ್ ಅನ್ನೂ ಲಿಂಫೋಸೈಟ್ (ಬಿಳಿ ರಕ್ತಕಣ) ಜಾತಿ ಸೆಲ್ಲಿಂದ ಕಾಂಪ್ಲೆಕ್ಸ್ ಹಿಡಿಯೂ ಟೆಸ್ಟಿಗೂ ಮಂದಿ ಹಿಂಗ ಕುಣದ್ರು. ಲೂಪಸ್‌ನ್ಯಾಗ ಲಿಂಫೋಸೈಟ್ ವಿರುದ್ಧದ ಆಂಟಿಬಾಡಿ ಹೋಗಿ ಆ ಸೆಲ್ಲಿಗೇ ಅಂಟಿ ಸುಳ್ಳು ಪಾಸಿಟಿವ್ ಬಂದ್ವು.

ಘಟಪ್ರಭಾ: ರಾಜಿ ಸೆಲ್ ಸುದ್ದಿ ಯಾರು ಕೇಳಿದ್ರೀ ಇಲ್ಲಿ?

ಸೀರಮ್_ಬಾಗಲಕೋಟಿ: ಕಂಟ್ರೋಲ್ ಸೀರಮ್ ಎಲ್ಲಿಂದ ಬಂತು ಅಂತ ಯಾರೂ ಕೇಳವಲ್ರಿ.

ಗುಮ್ಮಟ_ಲ್ಯಾಬ್: ಬಸುರಿ ಹೆಣ್ಮಕ್ಕಳದು, ವಿಡಿಆರ್‌ಎಲ್ (ಸಿಫಿಲಿಸ್ ರೋಗದ ಟೆಸ್ಟ್) ಮಾಡಿ ಉಳದದ್ದು. ಎಲ್ಲಾ ನೆಗೆಟಿವ್.

ಸೀರಮ್_ಬಾಗಲಕೋಟಿ: ಹಂಗಂದ್ರ 56 ಡಿಗ್ರಿ ವಾಟರ್‌ಬಾತ್‌ನ್ಯಾಗ ಅರ್ಧ ತಾಸು ಕುಂತು ಬಂದಾವು! ಕಾಯಿಸಿದ್ರ ಐಜಿಜಿ ಒಂದಕ್ಕೊಂದು ಅಂಟ್ತಾವು. ಅದು ಗಂಟೋ ಕಾಂಪ್ಲೆಕ್ಸೋ, ಪೆಗ್‌ಗೆ ಫರಕ್ ತಿಳಿಯಂಗಿಲ್ಲ. ಹೋಲಿಸ್ಲಿಕ್ಕೆ ಸ್ಟ್ಯಾಂಡರ್ಡ್ ಬೇಕಂದ್ರ ನಾವೇ ಐಜಿಜಿ 63ಕ್ಕ ಕಾಯಿಸಿ ಗಂಟ್ ಮಾಡ್ತೀವಲ್ಲ? ಕಾಯಿಸದ ಸೀರಮ್ ತಗೋರಿ, ಅದೂ ಬಸುರಿಯರದು ಬ್ಯಾಡ. ಸಣ್ಣ ಸಣ್ಣ ಟ್ಯೂಬಿಗೆ ಹಂಚಿ ಮೈನಸ್ 70ಕ್ಕ ಇಡ್ರಿ, ಮತ್ತ ಮತ್ತ ಕರಗಿಸಿದ್ರೂ ಇದೇ ಗೋಳು. ಪ್ರತಿ ಸೀರಮಿಗೂ ಪೆಗ್ ಇಲ್ಲದ ಬಫರ್ ಹಾಕಿ ಒಂದು ಬ್ಲ್ಯಾಂಕ್ ಹಚ್ಚಿ ಅದರ ರೀಡಿಂಗ್ ಕಳೀರಿ. ಕೊಬ್ಬಿನ ಸೀರಮ್ ಇದ್ರ ಅಲ್ಲೇ ಗೊತ್ತಾಗ್ತೈತಿ.

ಗುಮ್ಮಟ_ಲ್ಯಾಬ್: ವಿಡಿಆರ್‌ಎಲ್‌ಗೆ ಎಲ್ಲಾರೂ ಕಾಯಿಸ್ತಾರ್ರಿ, ಅದರಾಗ ಹೇಳೂದೇನದ? ಸರಿ, ಪೇಷಂಟಿಂದು ತಿಳಿ ಯಾಕ ಬಂತು ಮತ್ತ?

ಸೀರಮ್_ಬಾಗಲಕೋಟಿ: ಸ್ಟೆರಾಯ್ಡ್ ಮ್ಯಾಲೆ ಇದ್ದಾರೇನು? ರೋಗ ಹತೋಟ್ಯಾಗ ಇದ್ರ ಕಡಿಮಿನೇ ಬರ್ತೈತಿ.

ಕುಂದಾ_ಬೆಳಗಾವಿ: ಫ್ರಿಜ್ ಬಾಗಿಲಿನ ರಬ್ಬರೂ ನೋಡ್ರಿ.

ಘಟಪ್ರಭಾ: ನೆಫೆಲೋಮೀಟರ್ ಫೋಟೊ ಹಾಕ್ಲೇನ್ರಿ?