ಅಪ್‌ಡೇಟ್: ಸ್ಕ್ರಿಪ್ಟ್ ಒಳಗಿನ < ಚಿಹ್ನೆಯ ಕಾಟ ಮುಗಿಯಿತು

ಮೊನ್ನೆ ಕೇಳಿದ್ದೆನಲ್ಲ, ಇಳಕಲ್‌ನಲ್ಲಿರುವ ಸೋದರಮಾವನ ಸೀರೆ ಅಂಗಡಿಯ ವೆಬ್ ಪುಟ ಚೆನ್ನಾಗಿದೆ, ಅದೇ ಸ್ಕ್ರಿಪ್ಟನ್ನು ಇ-ಪಬ್ (ಇ-ಪುಸ್ತಕದ ಫೈಲ್) ಕ್ಯಾಟಲಾಗಿಗೆ ಹಾಕಿದರೆ ಪುಟ ತೆರೆಯೋದೇ ಇಲ್ಲ ಅಂತ. ಕಾರಣ ಸಿಕ್ಕಿತು. ಇ-ಪಬ್ ಒಳಗಿರೋದು ಎಕ್ಸ್‌ಎಚ್‌ಟಿಎಂಎಲ್, ಅಂದರೆ ಎಕ್ಸ್‌ಎಂಎಲ್‌ನ ಕಟ್ಟುನಿಟ್ಟಿನ ನಿಯಮಕ್ಕೆ ಒಳಪಟ್ಟ ಎಚ್‌ಟಿಎಂಎಲ್, ಅಲ್ಲಿ ಸ್ಕ್ರಿಪ್ಟ್‌ಗೂ ರಿಯಾಯಿತಿ ಇಲ್ಲ. ನನ್ನ 'ಬೆಲೆ < 3000' ಸಾಲಿನ < ಕಂಡ ಕೂಡಲೇ ಪಾರ್ಸರ್ (ಪುಟದ ಕೋಡ್ ಓದುವ ಭಾಗ) ಹೊಸ ಟ್ಯಾಗ್ ಬಂತು ಅಂದುಕೊಂಡು, ಟ್ಯಾಗಿನ ಹೆಸರು ಸಿಗದೆ ಎರರ್ ಕೊಟ್ಟು ಅಲ್ಲೇ ನಿಲ್ಲುತ್ತಿತ್ತು. ಮುಂದಿದ್ದ && ಕೂಡ ತಪ್ಪೇ.

ಆ ಚಿಹ್ನೆಗಳ ಜಾಗದಲ್ಲಿ ಎಂಟಿಟಿ (ಚಿಹ್ನೆಯ ಬದಲು ಬರೆಯುವ ಸಂಕೇತ) ಬರೆದೆ. ಇ-ಪಬ್ ಸರಿಹೋಯಿತು, ವೆಬ್ ಪುಟ ಕೆಟ್ಟಿತು! ಎಚ್‌ಟಿಎಂಎಲ್ ಸ್ಕ್ರಿಪ್ಟ್ ಒಳಗಿನ ಎಂಟಿಟಿಯನ್ನು ಬಿಡಿಸೋದೇ ಇಲ್ಲ, ಇದ್ದ ಹಾಗೇ ಜಾವಾಸ್ಕ್ರಿಪ್ಟ್‌ಗೆ ಕೊಡುತ್ತದೆ. ಸಿಡೇಟಾ ಗುರುತುಗಳನ್ನು (ನಡುವೆ ಇರೋದು ಬರೀ ಪಠ್ಯ, ಟ್ಯಾಗ್ ಅಲ್ಲ ಅಂತ ಎಕ್ಸ್‌ಎಂಎಲ್‌ಗೆ ಹೇಳುವಂಥವು) ಜಾವಾಸ್ಕ್ರಿಪ್ಟ್ ಕಾಮೆಂಟಿನ // ಹಿಂದೆ ಅಡಗಿಸಿದರೆ ಎರಡೂ ಕಡೆ ನಡೆಯುತ್ತದೆ, ಆದರೆ ನೋಡೋಕೆ ಗಲೀಜು. ಸುಮ್ನೆ ಸ್ಕ್ರಿಪ್ಟನ್ನೇ ಬೇರೆ ಫೈಲಿಗೆ ಸಾಗಿಸಿದೆ. ಈಗ ಎರಡಕ್ಕೂ ಒಂದೇ ಫೈಲ್.