ಮೊಣಕಾಲು ‘ಟಪ್’ ಅಂದು ಎಂಟು ವಾರ ಆಯ್ತು, ಈಗಲೂ ಹೊರಳಿದರೆ ಸರಿಯುತ್ತದೆ

ಆಳಂದ ರೈಡರ್:

ಎಲ್ಲರಿಗೂ ಶರಣು. ನನಗೆ 27 ವರ್ಷ. ಕಲಬುರಗಿಯ ದಾಲ್ ಮಿಲ್ ಒಂದರಲ್ಲಿ ತೊಗರಿ ಚೀಲದ ತೂಕ ಬರೆಯುವ ಕೆಲಸ. ನಾಗರ ಪಂಚಮಿಗೆ ಆಳಂದ ಕಡೆ ನಮ್ಮೂರಿಗೆ ಹೋದಾಗ ಕಬಡ್ಡಿ ಆಡಿದೆ. ಮಳೆ ಬಿದ್ದು ಎರೆ ಮಣ್ಣು ಹಸಿಯಾಗಿತ್ತು. ರೈಡ್ ಮುಗಿಸಿ ಹೊರಳುವಾಗ ಬಲಗಾಲು ಮಣ್ಣಲ್ಲಿ ಸಿಕ್ಕಿತು, ಮೈ ಮಾತ್ರ ತಿರುಗಿತು. ಒಳಗೆ ಟಪ್ ಅಂತು. ಯಾರೂ ನನ್ನನ್ನು ಮುಟ್ಟಿರಲೇ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಮೊಣಕಾಲು ತೆಂಗಿನಕಾಯಿ ಹಾಗೆ ಬಾತಿತ್ತು.

ಮರುದಿನ ಎಕ್ಸ್‌ರೇ ತೆಗೆದರು. ಎಲುಬು ಸರಿ ಇದೆ, ಉಳುಕಿದೆ ಅಷ್ಟೇ ಅಂದು ಕ್ರೇಪ್ ಬ್ಯಾಂಡೇಜ್, ಗುಳಿಗೆ ಕೊಟ್ಟರು. ಮೂರು ವಾರಕ್ಕೆ ಬಾವು ಇಳಿಯಿತು. ಈಗ ನೇರ ನಡೆದರೆ ಏನೂ ಇಲ್ಲ, ಬೈಕೂ ಓಡಿಸುತ್ತೇನೆ. ಆದರೆ ಮಿಲ್‌ನಲ್ಲಿ ಯಾರಾದರೂ ಕರೆದಾಗ ಗಕ್ಕನೆ ಹೊರಳಿದರೆ, ತೊಡೆ ಒಂದು ಕಡೆ, ಕೆಳಗಿನ ಕಾಲು ಒಂದು ಕಡೆ ಹೋದಂತಾಗುತ್ತದೆ. ಮೂರು ಸಲ ಬಿದ್ದಿದ್ದೇನೆ. ನೋವಿಗಿಂತ ಭಯ ಜಾಸ್ತಿ.

ನಮ್ಮವ್ವ, “ನನ್ನ ಮೊಣಕಾಲೂ ಹತ್ತು ವರ್ಷದಿಂದ ಕಟಕಟ ಅಂತದ, ಸುಮ್ನೆ ಇರು” ಅಂತಾಳೆ. ಗೆಳೆಯರು ಎಣ್ಣೆ ತಿಕ್ಕಿಸು ಅಂತಾರೆ. ಎಂಆರ್‌ಐ ದುಡ್ಡಿನ ಮಾತು. ಏನು ಮಾಡಲಿ?

ಬೀದರ್ ಫಿಸಿಯೋ:

ತಮ್ಮಾ, ಅವ್ವನ ಕಟಕಟವೂ ನಿನ್ನ ಟಪ್ಪೂ ಒಂದೇ ಅಲ್ಲ. ನೋವಿಲ್ಲದೆ, ಬಾವಿಲ್ಲದೆ ಬರುವ ಸದ್ದು ಎಷ್ಟೋ ಜನರಿಗೆ ಇರುತ್ತದೆ, ಅದರಿಂದ ಕೆಡುಕಿಲ್ಲ. ನಿನ್ನದರಲ್ಲಿ ನಾನು ಮೂರು ಮಾತು ಹಿಡಿದುಕೊಂಡೆ. ಪಾದ ನಿಂತು ಮೈ ತಿರುಗಿದ್ದು, ಅದೇ ಸಂಜೆಗೆ ಬಾತದ್ದು, ಈಗ ಹೊರಳಿದರೆ ಸರಿಯುವುದು. ಈ ಮೂರೂ ಕೂಡಿದರೆ ಮೊದಲು ಅನುಮಾನ ಬರುವುದು ಎಸಿಎಲ್ ಮೇಲೆ. ತೊಡೆ ಎಲುಬಿನ ಕೆಳಗೆ ಕೆಳಗಿನ ಕಾಲಿನ ಎಲುಬು ಮುಂದಕ್ಕೆ ಜಾರದಂತೆ ಹಿಡಿದಿಡುವ ಪಟ್ಟಿ ಅದು. ಹರಿದಾಗ ಕೀಲಿನೊಳಗೆ ರಕ್ತ ತುಂಬುತ್ತದೆ, ಅದಕ್ಕೇ ಕೆಲವೇ ತಾಸಿನಲ್ಲಿ ಬಾವು ಬರುತ್ತದೆ. ಎಲುಬಿನ ನಡುವಿನ ಗಾದಿ, ಅಂದರೆ ಮೆನಿಸ್ಕಸ್, ಅದೊಂದೇ ಹರಿದರೆ ಬಾವು ಸಾಮಾನ್ಯವಾಗಿ ನಿಧಾನ, ಮರುದಿನ ಕಾಣುತ್ತದೆ.

ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಈ ಪಟ್ಟಿ ಕಾಣುವುದಿಲ್ಲ. ಮೊದಲ ದಿನ ನೋಡಿದವರನ್ನು ನಾನು ಬಯ್ಯುವುದಿಲ್ಲ. ಬಾತ ಕಾಲಿನಲ್ಲಿ ನೋವಿಗೆ ಸ್ನಾಯು ಬಿಗಿಯಾಗಿರುತ್ತದೆ, ಕೈಯಿಂದ ನೋಡಿದರೂ ಸಡಿಲ ಗೊತ್ತಾಗುವುದಿಲ್ಲ. ಹತ್ತು ಹದಿನೈದು ದಿನ ಬಿಟ್ಟು ಇನ್ನೊಮ್ಮೆ ನೋಡಬೇಕು. ಅದೇ ತಪ್ಪಿಹೋಗಿದೆ.

ದುಡ್ಡು ಇಲ್ಲ ಅಂತ ಕೂರಬೇಡ. ಮೊದಲ ಪರೀಕ್ಷೆ ಕೈಯಿಂದಲೇ ಆಗುತ್ತದೆ. ಮಲಗಿಸಿ, ಮೊಣಕಾಲನ್ನು 20–30 ಡಿಗ್ರಿ ಮಡಚಿ, ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದರಿಂದ ಕೆಳಗಿನ ಕಾಲನ್ನು ಮುಂದಕ್ಕೆ ಎಳೆಯುತ್ತಾರೆ. ಲ್ಯಾಕ್‌ಮನ್ ಪರೀಕ್ಷೆ ಅಂತ ಹೆಸರು. ಎಡಗಾಲಿಗಿಂತ ಜಾಸ್ತಿ ಬಂದು, ಕೊನೆಗೆ ಗಟ್ಟಿ ತಡೆ ಸಿಗದಿದ್ದರೆ ಬಹಳ ಮಟ್ಟಿಗೆ ಗೊತ್ತಾಗಿಬಿಡುತ್ತದೆ. ಎರಡೂ ಕಾಲು ನೋಡಿಸಿಕೋ, ಹುಟ್ಟಿನಿಂದಲೇ ಕೀಲು ಸಡಿಲ ಇರುವವರೂ ಇರುತ್ತಾರೆ. ಎಂಆರ್‌ಐ ಆಮೇಲಿನ ಮಾತು. ಗಾದಿಯೂ ಹರಿದಿದೆಯಾ ಅಂತ ತಿಳಿಯಲು ಅದು ಬೇಕಾಗಬಹುದು.

ತಿಕ್ಕಿಸುವುದು, ಜಗ್ಗಿಸುವುದು ಬೇಡವೇ ಬೇಡ. ಕಬಡ್ಡಿಯೂ ಸದ್ಯ ಬೇಡ. ಸರಿದಾಗಲೆಲ್ಲ ಒಳಗಿನ ಗಾದಿ ಜಜ್ಜಿಹೋಗಬಹುದು, ನನಗೆ ಚಿಂತೆ ಅದರದ್ದೇ. ಮೊಣಕಾಲು ಲಾಕ್ ಆಗಿ ನೆಟ್ಟಗೆ ಆಗದಿದ್ದರೆ ಕಾಯಬೇಡ, ಅಂದೇ ಆಸ್ಪತ್ರೆಗೆ ಹೋಗು.

ಯಾದಗಿರಿ ಪಿಟಿ ಮಾಸ್ತರ್:

ಅಕ್ಕಾವ್ರು ಹೇಳಿದ್ದು ಸರಿ. ನಾನು ಸುಮ್ನೆ ಒಂದು ವರ್ಷ ಕಳೆದೆ. ಮಕ್ಕಳಿಗೆ ಖೋಖೋ ಕಲಿಸುತ್ತಾ ನಾಲ್ಕೈದು ಸಲ ಬಿದ್ದೆ. ಕೊನೆಗೆ ನೋಡಿದರೆ ಎಸಿಎಲ್ ಜೊತೆ ಗಾದಿಯೂ ಹರಿದಿತ್ತು. ತೊಡೆಯ ಹಿಂಭಾಗದ ನರ (ನಾವು ಹಾಗೆ ಅಂತೀವಿ, ಅದು ಸ್ನಾಯುವಿನ ತಂತು) ತೆಗೆದು ಹೊಸ ಪಟ್ಟಿ ಮಾಡಿದರು. ಮತ್ತೆ ಓಡುವ ಆಟಕ್ಕೆ ಬರಲು 10 ತಿಂಗಳು ಹಿಡಿಯಿತು. ಎಲ್ಲರಿಗೂ ಆಪರೇಷನ್ ಬೇಕು ಅಂತೇನಿಲ್ಲ ತಮ್ಮಾ. ನಮ್ಮ ಶಾಲೆಯ ಗುಮಾಸ್ತರಿಗೆ ಅದೇ ಪಟ್ಟಿ ಹರಿದಿದೆ, ಅವರು ವ್ಯಾಯಾಮದಲ್ಲೇ ಚೆನ್ನಾಗಿದ್ದಾರೆ. ಆದರೆ ಅವರು ರೈಡ್ ಮಾಡುವುದಿಲ್ಲ ಅಲ್ವಾ.

ಒಂದು ಕೆಲಸ ಇವತ್ತೇ ಮಾಡು. ಎರಡೂ ತೊಡೆಯನ್ನು ಮಂಡಿಚಿಪ್ಪಿನಿಂದ ಒಂದು ಗೇಣು ಮೇಲೆ ಟೇಪ್‌ನಿಂದ ಅಳೆ. ಪೆಟ್ಟಾದ ಕಾಲಿನ ತೊಡೆ ಸ್ನಾಯು ಕರಗುತ್ತದೆ, ನನ್ನದು ಒಂದು ಇಂಚಿಗೂ ಜಾಸ್ತಿ ಕರಗಿತ್ತು.

ಆಳಂದ ರೈಡರ್:

ಅಳೆದೆ ಸರ್, ಬಲತೊಡೆ ಮುಕ್ಕಾಲು ಇಂಚು ಕಡಿಮೆ. ನಿನ್ನೆ ಎಲುಬಿನ ಡಾಕ್ಟರ್ ಹತ್ತಿರ ಹೋಗಿದ್ದೆ. ಅಕ್ಕ ಹೇಳಿದ ಹಾಗೇ ಕಾಲು ಹಿಡಿದು ಎಳೆದರು. ಎಡಗಾಲು ಟಕ್ ಅಂತ ನಿಂತಿತು. ಬಲಗಾಲು ನಿಲ್ಲದೆ ಮುಂದೆ ಬಂತು, ನನಗೇ ಗೊತ್ತಾಯಿತು. ಎಸಿಎಲ್ ಹೋಗಿದೆ ಅಂದರು. ಆರು ವಾರ ತೊಡೆಯ ವ್ಯಾಯಾಮ, ಅಷ್ಟರಲ್ಲಿ ಎಂಆರ್‌ಐ, ಆಮೇಲೆ ನಿರ್ಧಾರ. ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಎರಡೂ ಕಾಲು ಎಳೆದಿದ್ದನ್ನು ಅವಳು ಪಕ್ಕದಲ್ಲೇ ನಿಂತು ನೋಡಿದಳು. ಇವತ್ತು ಬೆಳಿಗ್ಗೆ ವ್ಯಾಯಾಮಕ್ಕೆ ಅಂತ ಅವಳೇ ಚಾಪೆ ಹಾಸಿ ಎಬ್ಬಿಸಿದಳು.

ಬೀದರ್ ಫಿಸಿಯೋ:

ಒಳ್ಳೆಯದಾಯಿತು. ಮೊದಲು ಮೊಣಕಾಲು ಪೂರ್ತಿ ನೆಟ್ಟಗೆ ಆಗುವಂತೆ ಮಾಡಿಕೋ. ಹಿಮ್ಮಡಿ ಕೆಳಗೆ ಟವೆಲ್ ಸುತ್ತಿಟ್ಟು ಮೊಣಕಾಲು ಕೆಳಗೆ ಒತ್ತು, ಐದು ಎಣಿಸಿ ಬಿಡು. ಎಂಆರ್‌ಐ ಆದ ಮೇಲೆ ಇಲ್ಲೇ ಬರೆ, ಕಾಯುತ್ತಿರುತ್ತೇನೆ.